ಪಂಪ್‌ಶೆಡ್ಡಿನ ಸಿಳ್ಳೆ, ಹಲಸಿನ ಮರದ ಕರಿ ಮಂಗ: ಇದರಲ್ಲಿ ಅಪರೂಪದ್ದು ಯಾವುದು?

ಪಂಪ್‌ಶೆಡ್ · ಜೂನ್ 9, ರಾತ್ರಿ 9:40

ನಾನಿರುವುದು ಉಡುಪಿಯಲ್ಲಿ. ಅಜ್ಜನ ಮನೆ ಸೋಮೇಶ್ವರದ ಕಡೆ, ಆಗುಂಬೆ ಘಾಟಿಯ ಬುಡದಲ್ಲಿ. ಹಿಂದೆ ಅಡಿಕೆ ತೋಟ, ತೋಟದಾಚೆ ತೋಡು, ತೋಡು ದಾಟಿದರೆ ಕಾಡು. ಅಡಿಕೆಗೆ ಮದ್ದು ಬಿಡುವ ಕೆಲಸ ಉಂಟು ಅಂತ ಹೋಗಿ ನಾಲ್ಕು ದಿನ ಉಳಿದೆ.

ಮೊದಲ ದಿನ ಬೆಳಗಿನ ಜಾವ ಐದಕ್ಕೆ ಯಾರೋ ಸಿಳ್ಳೆ ಹಾಕುವುದು ಕೇಳಿತು. ಹಾಡು ಸರಿಯಾಗಿ ಬಾರದವನು ಒಂದು ಸಾಲು ಹಿಡಿದು, ಅರ್ಧಕ್ಕೆ ಮರೆತು, ಇನ್ನೆಲ್ಲಿಂದಲೋ ಶುರು ಮಾಡಿದ ಹಾಗೆ. ಮದ್ದು ಬಿಡುವ ಹುಡುಗ ಇಷ್ಟು ಬೇಗ ಬಂದನಾ ಅಂತ ಟಾರ್ಚ್ ಹಿಡಿದು ಹೊರಗೆ ಬಂದೆ. ಯಾರೂ ಇಲ್ಲ. ಬೆಳಕಾದ ಮೇಲೆ ಪಂಪ್‌ಶೆಡ್ಡಿನ ಬಾಗಿಲು ತೆಗೆದರೆ ಕಪ್ಪು ಹಕ್ಕಿಯೊಂದು ಕಿಟಕಿಯಿಂದ ಬರ್ರನೆ ಹಾರಿತು. ಗೋಡೆಯ ತಲೆಯಲ್ಲಿ, ಮಾಡಿನ ಅಡಿಗೆ, ಪಾಚಿ ಮತ್ತು ಬೇರು ಸೇರಿಸಿ ಕಟ್ಟಿದ ದಪ್ಪ ಗೂಡು. ಕೆಳಗೆ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಏಡಿ ಕಾಲಿನ ಚೂರುಗಳು, ಯಾರೋ ಊಟ ಮಾಡಿ ಎಲೆ ಎತ್ತದೆ ಹೋದ ಹಾಗೆ.

ಮೂರನೇ ದಿನ ಮಧ್ಯಾಹ್ನ ತೋಡಿನ ಬದಿಯ ಹಲಸಿನ ಮರಕ್ಕೆ ಕರಿ ಮಂಗಗಳು ಬಂದವು. ಎಣಿಸಿದೆ, ಹನ್ನೆರಡು. ಮುಖದ ಸುತ್ತ ಬೂದು ಬಣ್ಣದ ಕೂದಲು. ಒಂದಂತೂ ಹಣ್ಣಿನ ಮೇಲೆಯೇ ಕುಳಿತು, ತೊಗಟೆ ಹರಿದು, ಕೈಯನ್ನು ಮೊಣಕೈವರೆಗೆ ಒಳಗೆ ಹಾಕಿತ್ತು. ಮೇಣಕ್ಕೆ ಕೈ ಅಂಟಿದಾಗ ಕೊಂಬೆಗೆ ಉಜ್ಜಿ ಉಜ್ಜಿ ಒರೆಸಿಕೊಂಡಿತು. ನಮ್ಮ ಅತ್ತೆ ತೆಂಗಿನೆಣ್ಣೆ ಹಚ್ಚಿಕೊಂಡು ಹಲಸು ಬಿಡಿಸುತ್ತಾರೆ. ಪಾಪ, ಅದಕ್ಕೆ ಎಣ್ಣೆ ಎಲ್ಲಿಂದ.

ಮಾವನ ಮಗ, ಅಂದರೆ ಭಾವ, ಹೇಳುವುದು ಹೀಗೆ: "ಹಕ್ಕಿ ಒಂದೇ ಒಂದು ಕಂಡದ್ದು, ಹಾಗಾಗಿ ಅದು ಅಪರೂಪ. ಮಂಗ ಒಂದು ಡಜನ್ ಬಂತು, ಅದಕ್ಕೆಂತ ಬರ?" ನನಗೆ ಯಾಕೋ ಹಾಗನಿಸಲಿಲ್ಲ. ಎರಡು ಪ್ಲೇಟ್ ಗೋಳಿಬಜೆಗೆ ಪಂಥ ಆಯ್ತು. ತಿಳಿದವರು ಹೇಳಿ.

ಕದ್ರಿ ಕಾಗೆ · ಜೂನ್ 9, ರಾತ್ರಿ 9:58

ಭಾವ ಗೆದ್ದರು ಬಿಡಿ. ಚಟ್ನಿ ಜಾಸ್ತಿ ಕೇಳಿ ತೆಗೆದುಕೊಳ್ಳಿ.

ಬೈನಾಕ್ಯುಲರ್ · ಜೂನ್ 9, ರಾತ್ರಿ 10:25

ಅವಸರ ಮಾಡಬೇಡಿ ಮಾರಾಯ್ರೇ. ಹಕ್ಕಿಯ ಬಗ್ಗೆ ಅನುಮಾನವೇ ಇಲ್ಲ, ಅದು ಮಲಬಾರ್ ಸಿಳ್ಳಾರ. ಹಕ್ಕಿ ನೋಡುವವರು ಇದಕ್ಕೆ "ಸಿಳ್ಳೆ ಹಾಕುವ ಶಾಲೆ ಹುಡುಗ" ಅಂತ ಹೆಸರಿಟ್ಟಿದ್ದಾರೆ. ನೀವು ಟಾರ್ಚ್ ಹಿಡಿದು ಹೊರಗೆ ಬಂದದ್ದಕ್ಕೆ ನಾಚಿಕೆ ಬೇಡ, ಮೊದಲ ಸಲ ಎಲ್ಲರೂ ಮೋಸ ಹೋಗುತ್ತಾರೆ. ಸುಮಾರು 25 ಸೆಂಟಿಮೀಟರ್ ಉದ್ದ. ನೆರಳಲ್ಲಿ ಬರೀ ಕಪ್ಪು. ಒಂದು ಚೂರು ಬಿಸಿಲು ಬಿದ್ದರೆ ಹಣೆಯಲ್ಲೂ ಹೆಗಲಲ್ಲೂ ನೀಲಿ ಮಿಂಚುತ್ತದೆ, ರೇಷ್ಮೆ ಸೀರೆಯ ಅಂಚು ತಿರುಗಿದಂತೆ. ತೋಡಿನ ಬದಿಯ ಬಂಡೆ ಸಂದಿಯಲ್ಲಿ ಗೂಡು ಕಟ್ಟುವುದು ಇದರ ಕ್ರಮ. ನಿಮ್ಮ ಪಂಪ್‌ಶೆಡ್ ಅದರ ಲೆಕ್ಕದಲ್ಲಿ ಇನ್ನೊಂದು ಬಂಡೆ. ಏಡಿ, ಬಸವನಹುಳು, ಎರೆಹುಳು, ಕಾಡುಹಣ್ಣು ಎಲ್ಲ ತಿನ್ನುತ್ತದೆ.

ಮಂಗದ ಬಗ್ಗೆ ಒಂದು ಪ್ರಶ್ನೆ. ಬಾಲ ಹೇಗಿತ್ತು? ಮೈಗಿಂತ ಉದ್ದವಾಗಿ ಬಿಲ್ಲಿನ ಹಾಗೆ ಬಾಗಿತ್ತಾ, ಗಿಡ್ಡವಾಗಿ ತುದಿಯಲ್ಲಿ ಕುಚ್ಚು ಇತ್ತಾ?

ಪಂಪ್‌ಶೆಡ್ · ಜೂನ್ 9, ರಾತ್ರಿ 10:31

ಗಿಡ್ಡ. ತುದಿಯಲ್ಲಿ ಕುಚ್ಚು ಇತ್ತು, ಗಂಡಿನದ್ದು ಚೆನ್ನಾಗಿ ಕಾಣುತ್ತಿತ್ತು. ಹೊಟ್ಟೆಗೆ ಅಂಟಿಕೊಂಡ ಮರಿಯೂ ಒಂದಿತ್ತು, ಅದಕ್ಕೆ ಗಡ್ಡ ಇರಲಿಲ್ಲ.

ಬೈನಾಕ್ಯುಲರ್ · ಜೂನ್ 9, ರಾತ್ರಿ 10:44

ಹಾಗಾದರೆ ಸಿಂಗಳೀಕವೇ. ಸಿಂಹಬಾಲದ ಕೋತಿ ಅಂತಲೂ ಹೇಳುತ್ತಾರೆ. ಗಡ್ಡ ನೋಡಿ ಸಿಂಹ ಅಂದಿದ್ದಾರೆ ಅಂತ ತುಂಬ ಜನ ತಿಳಿದಿದ್ದಾರೆ, ನಿಜವಾಗಿ ಆ ಹೆಸರು ಬಂದದ್ದು ಬಾಲದ ಕುಚ್ಚಿನಿಂದ. ಮರಿಗೆ ಗಡ್ಡ ಹುಟ್ಟುವಾಗ ಇರುವುದಿಲ್ಲ, ಆಮೇಲೆ ಬರುತ್ತದೆ.

ಭಾವನಿಗೆ ಹೇಳಿ, ಗೋಳಿಬಜೆ ಅವರೇ ಕೊಡಿಸಬೇಕು. ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಸಿಂಗಳೀಕ "ಎಂಡೇಂಜರ್ಡ್", ಅಳಿವಿನ ಅಂಚಿನಲ್ಲಿರುವ ಪ್ರಾಣಿ. ಸಿಳ್ಳಾರ "ಲೀಸ್ಟ್ ಕನ್ಸರ್ನ್", ಸದ್ಯ ಚಿಂತೆ ಬೇಡ ಅನ್ನುವ ಸಾಲಿನಲ್ಲಿದೆ. ಕಾಡಿನಲ್ಲಿ ಉಳಿದಿರುವ ಸಿಂಗಳೀಕಗಳು ನಾಲ್ಕು ಸಾವಿರಕ್ಕೂ ಕಡಿಮೆ ಅಂತ ಅಂದಾಜು. ಕರ್ನಾಟಕ, ಕೇರಳ, ತಮಿಳುನಾಡಿನ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದರಲ್ಲಿ ಹನ್ನೆರಡು ನಿಮ್ಮ ಹಲಸು ತಿಂದು ಹೋದವು.

ಜೀವಶಾಸ್ತ್ರ ಟೀಚರ್ · ಜೂನ್ 10, ಬೆಳಗ್ಗೆ 6:50

ಮಂಗಳೂರಿನ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುವವಳು ನಾನು. ಈ ಜೋಡಿ ತರಗತಿಗೆ ಹೇಳಿ ಮಾಡಿಸಿದ ಹಾಗಿದೆ, ಹಾಗಾಗಿ ವರ್ಗೀಕರಣದ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ಎರಡಕ್ಕೂ ಬೆನ್ನುಮೂಳೆ ಉಂಟು. ನೆಂಟಸ್ತಿಕೆ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಅಲ್ಲಿಂದ ಒಂದು ದಾರಿ ಪಕ್ಷಿ ವರ್ಗಕ್ಕೆ, ಇನ್ನೊಂದು ಸಸ್ತನಿ ವರ್ಗಕ್ಕೆ. ಸಿಂಗಳೀಕದ ದಾರಿ ಸುಲಭ: ಪ್ರೈಮೇಟ್ ಗಣ, ಸರ್ಕೋಪಿಥೆಸಿಡೆ ಕುಟುಂಬ, ಮಕಾಕ ಕುಲ, ಪೂರ್ತಿ ಹೆಸರು ಮಕಾಕ ಸೈಲೀನಸ್. ಅದರಲ್ಲಿ ಸೈಲೀನಸ್ ಅನ್ನುವುದು 1758ರಲ್ಲಿ ಲಿನೇಯಸ್ ಇಟ್ಟ ಹೆಸರು. ಪೇಟೆಯಲ್ಲಿ ಕಾಣುವ ಸಾದಾ ಮಂಗವೂ ಅದೇ ಮಕಾಕ ಕುಲದ್ದು, ಅದು ಮಕಾಕ ರೇಡಿಯಾಟ. ಹಾಗಾಗಿ ಇವು ಹತ್ತಿರದ ದಾಯಾದಿಗಳು. ಉದ್ದ ಬಾಲದ ಮುಸುವ ಅದೇ ಕುಟುಂಬದ್ದಾದರೂ ಬೇರೆ ಕವಲು. ಮುಸುವಕ್ಕೆ ಎಲೆ ಅರಗಿಸಲು ಕೋಣೆ ಕೋಣೆಯಾದ ಹೊಟ್ಟೆ. ಮಕಾಕಗಳಿಗೆ ಕೆನ್ನೆಯಲ್ಲೇ ಚೀಲ. ಬಾಳೆಹಣ್ಣು ಕಸಿದು ಓಡಿ ಮರ ಹತ್ತಿದ ಮೇಲೆ ನಿಧಾನಕ್ಕೆ ಅಗಿಯುತ್ತದಲ್ಲ, ಆ ಚೀಲ.

ಸಿಳ್ಳಾರದ್ದು ಸ್ವಲ್ಪ ಗೋಜಲು. ಗಣ ಪ್ಯಾಸರಿಫಾರ್ಮಿಸ್. ಜಗತ್ತಿನ ಹಕ್ಕಿ ಪ್ರಭೇದಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದೇ ಗಣದಲ್ಲಿವೆ. ಮೂರು ಬೆರಳು ಮುಂದೆ, ಒಂದು ಹಿಂದೆ, ಕೊಂಬೆ ಹಿಡಿಯಲು ಹೇಳಿ ಮಾಡಿಸಿದ ಕಾಲು. ಈ ಗಣದೊಳಗೆ ಹಾಡುಹಕ್ಕಿಗಳದ್ದೇ ಒಂದು ಉಪಗಣ. ಅಲ್ಲಿಯವರೆಗೆ ಸರಿ. ಆದರೆ ಕುಟುಂಬ? ಇದನ್ನು ಮೊದಲು ಸಿಳ್ಳಾರಗಳ ಕುಟುಂಬ ಟರ್ಡಿಡೆಯಲ್ಲಿ ಇಟ್ಟಿದ್ದರು. ಡಿಎನ್‌ಎ ನೋಡಿದ ಮೇಲೆ ತೆಗೆದು ನೊಣಹಿಡುಕಗಳ ಕುಟುಂಬ ಮಸ್ಸಿಕಾಪಿಡೆಗೆ ಹಾಕಿದರು. ಹೆಸರಿನಲ್ಲಿ ಮಾತ್ರ ಸಿಳ್ಳಾರ ಉಳಿಯಿತು. ನಮ್ಮ ಅಂಗಳದ ಕಪ್ಪು ಬಿಳಿ ಮಡಿವಾಳ ಹಕ್ಕಿಯೂ ಅದೇ ಕುಟುಂಬದ್ದು. ಅದು ಮಾಡಿನ ಕೋಡಿಯಲ್ಲಿ ಕುಳಿತು ಹಾಡುತ್ತದೆ, ಇದು ತೋಡಿನಲ್ಲಿ.

ಕದ್ರಿ ಕಾಗೆ · ಜೂನ್ 10, ಬೆಳಗ್ಗೆ 8:15

ಟೀಚರ್, ಹಾಡುಹಕ್ಕಿ ಅಂದರೆ ಕೋಗಿಲೆ ಮೊದಲನೇ ಬೆಂಚಿನಲ್ಲಿ ಇರಬೇಕಲ್ವಾ? ನೀವು ಹೆಸರೇ ಎತ್ತಲಿಲ್ಲ.

ಜೀವಶಾಸ್ತ್ರ ಟೀಚರ್ · ಜೂನ್ 10, ಮಧ್ಯಾಹ್ನ 1:20

ಕೋಗಿಲೆ ಹಾಡುಹಕ್ಕಿಯೇ ಅಲ್ಲ. ಅದರ ಗಣವೇ ಬೇರೆ, ಕುಕುಲಿಫಾರ್ಮಿಸ್. ಹಾಡುಹಕ್ಕಿ ಅಂತ ಲೆಕ್ಕ ಹಾಕುವುದು ಇಂಪು ನೋಡಿ ಅಲ್ಲ. ಶ್ವಾಸನಾಳ ಎರಡಾಗಿ ಕವಲೊಡೆಯುವ ಕಡೆ ಹಕ್ಕಿಗಳಿಗೆ ಧ್ವನಿಪೆಟ್ಟಿಗೆ ಇರುತ್ತದೆ, ಸಿರಿಂಕ್ಸ್ ಅಂತ. ಈ ಗುಂಪಿನಲ್ಲಿ ಅದರ ಸ್ನಾಯುಗಳು ತುಂಬ ಬೆಳೆದಿವೆ, ಮರಿಗಳು ದೊಡ್ಡವುಗಳ ಹಾಡು ಕೇಳಿ ಕಲಿಯುತ್ತವೆ. ಆ ಲೆಕ್ಕದಲ್ಲಿ ನೀವು ಹಾಡುಹಕ್ಕಿ. ಕಾಗೆ ಪ್ಯಾಸರಿಫಾರ್ಮಿಸ್, ಅದೇ ಉಪಗಣ, ಕಾರ್ವಿಡೆ ಕುಟುಂಬ.

ಇನ್ನೊಂದು ತಮಾಷೆ. ಚಳಿಗಾಲಕ್ಕೆ ನಮ್ಮ ಕಡೆ ಬರುವ ನವರಂಗ ಪ್ಯಾಸರಿಫಾರ್ಮಿಸ್ ಹೌದು, ಹಾಡುಹಕ್ಕಿ ಅಲ್ಲ. ಕಾಡುಪಾಪವೂ ಹಾಗೆಯೇ, ಪ್ರೈಮೇಟ್ ಹೌದು, ಮಂಗ ಅಲ್ಲ. ಪರೀಕ್ಷೆಯಲ್ಲಿ ಕೇಳಿದರೆ ಅರ್ಧ ತರಗತಿ ಬಿದ್ದುಹೋಗುತ್ತದೆ, ಅದಕ್ಕೇ ಕೇಳುವುದಿಲ್ಲ.

ಕದ್ರಿ ಕಾಗೆ · ಜೂನ್ 10, ಮಧ್ಯಾಹ್ನ 1:32

ಇಷ್ಟು ವರ್ಷ ಕೋಗಿಲೆ ಮೊಟ್ಟೆಗೆ ಕಾವು ಕೊಟ್ಟು ಸಾಕಿದ್ದು ನಾವು, ಹಾಡಿದವಳೆಂಬ ಹೆಸರು ಅವಳಿಗೆ. ಈಗ ನ್ಯಾಯ ಸಿಕ್ಕಿತು. ಬಾತ್‌ರೂಮಿನಲ್ಲಿ ನಾನು ಹಾಡುವಾಗ ಮನೆಯವರು ಹೇಳುವುದನ್ನು ಇನ್ನು ಹೊಗಳಿಕೆ ಅಂತಲೇ ತೆಗೆದುಕೊಳ್ಳುತ್ತೇನೆ.

ಬೈನಾಕ್ಯುಲರ್ · ಜೂನ್ 10, ಮಧ್ಯಾಹ್ನ 2:05

ಕಾಗೆಯಣ್ಣ, ಇನ್ನೊಂದು ಕೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಗೆಯನ್ನು ಇಲಿ, ಹೆಗ್ಗಣ, ಬಾವಲಿಯ ಜೊತೆ "ಉಪದ್ರವದ ಪ್ರಾಣಿ" ಅಂತ ಐದನೇ ಪಟ್ಟಿಗೆ ಹಾಕಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಬಿಟ್ಟರು. ಸಿಂಗಳೀಕ ಅದೇ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ, ಹುಲಿಯ ಪಕ್ಕ.

ಕೊಕ್ಕೋ ತೋಟ · ಜೂನ್ 10, ರಾತ್ರಿ 8:10

ನಿಮಗೆಲ್ಲ ಮಂಗ ಅಂದರೆ ತಮಾಷೆ. ನಮಗೆ ಹೊಟ್ಟೆ ಉರಿ. ಕಾರ್ಕಳದ ಈಚೆ ನನ್ನ ತೋಟ. ಎರಡು ವರ್ಷದಿಂದ ಕೊಕ್ಕೋ ಹಣ್ಣಾಗುವ ಮೊದಲೇ ಕೊರೆದು ಎಸೆಯುತ್ತವೆ. ಎಳನೀರು ಕಿತ್ತು ಹಾಕುತ್ತವೆ, ಕುಡಿಯುವುದು ಎರಡು ಗುಟುಕು. ಹಂಚಿನ ಮಾಡಿನ ಮೇಲೆ ಓಡಿ ಇಪ್ಪತ್ತು ಹಂಚು ಹೋಯಿತು. ಗರ್ನಾಲು ಹೊಡೆದರೆ ಮೊದಲ ದಿನ ಓಡುತ್ತವೆ, ಎರಡನೇ ದಿನ ತಿರುಗಿ ನೋಡುತ್ತವೆ, ಮೂರನೇ ದಿನ ಅದೂ ಇಲ್ಲ. ಪರಿಹಾರಕ್ಕೆ ಅರ್ಜಿ ಕೊಟ್ಟು ಹನ್ನೊಂದು ತಿಂಗಳಾಯಿತು. ಹೋದಾಗೆಲ್ಲ ಫೋಟೋ ಕೇಳುತ್ತಾರೆ. ಮಂಗ ಫೋಟೋಗೆ ನಿಲ್ಲುತ್ತದಾ? ಈಗ ನೋಡಿದರೆ ಮಂಗ ಅಳಿವಿನ ಅಂಚಿನಲ್ಲಿ ಉಂಟಂತೆ!

ಬೈನಾಕ್ಯುಲರ್ · ಜೂನ್ 10, ರಾತ್ರಿ 9:02

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ನಿಮ್ಮ ಕೊಕ್ಕೋ ತಿನ್ನುವುದು ಸಾದಾ ಮಂಗ, ಸಿಂಗಳೀಕ ಅಲ್ಲ. ತಲೆಯ ಮೇಲೆ ನಡುಬೈತಲೆ ತೆಗೆದ ಹಾಗೆ ಕೂದಲು, ಕಂದು ಮೈ, ಉದ್ದ ಬಾಲ, ಹೌದಲ್ವಾ? ಸಿಂಗಳೀಕ ದಟ್ಟ ನಿತ್ಯಹರಿದ್ವರ್ಣ ಕಾಡು ಬಿಟ್ಟು ಅಷ್ಟು ಕೆಳಗೆ ಬರುವುದಿಲ್ಲ.

ಈಗ ನಿಮಗೆ ಇನ್ನೂ ಸಿಟ್ಟು ಬರುವ ಸಂಗತಿ. ಆ ಸಾದಾ ಮಂಗವೂ ಕೆಂಪು ಪಟ್ಟಿಯಲ್ಲಿ ಈಗ "ವಲ್ನರಬಲ್", ಅಂದರೆ ಅಪಾಯಕ್ಕೆ ಸಿಲುಕಿರುವ ಪ್ರಾಣಿ. ಸಿಂಗಳೀಕಕ್ಕಿಂತ ಒಂದು ಮೆಟ್ಟಿಲು ಮಾತ್ರ ಕೆಳಗೆ.

ಕೊಕ್ಕೋ ತೋಟ · ಜೂನ್ 10, ರಾತ್ರಿ 9:10

ಇದು ಯಾವ ಲೆಕ್ಕ ಸ್ವಾಮಿ? ನಮ್ಮ ಒಂದು ವಾರ್ಡಿನಲ್ಲೇ ಇನ್ನೂರು ಇವೆ. ಲೆಕ್ಕ ಹಾಕುವವರನ್ನು ನಮ್ಮ ಮನೆಗೆ ಕಳಿಸಿ, ಊಟ ಹಾಕುತ್ತೇನೆ.

ಬೈನಾಕ್ಯುಲರ್ · ಜೂನ್ 10, ರಾತ್ರಿ 9:47

ಕೆಂಪು ಪಟ್ಟಿ ಬರೀ ತಲೆ ಎಣಿಸುವುದಿಲ್ಲ. ಎಷ್ಟು ಬೇಗ ಇಳಿಯುತ್ತಿದೆ ಅಂತಲೂ ನೋಡುತ್ತದೆ. ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ಉದ್ದವೋ ಅಷ್ಟು ಕಾಲದಲ್ಲಿ 30 ಶೇಕಡಾ ಕಡಿಮೆಯಾದರೆ ವಲ್ನರಬಲ್, 50 ಶೇಕಡಾ ಆದರೆ ಎಂಡೇಂಜರ್ಡ್. ಬ್ಯಾಂಕಿನಲ್ಲಿ ಹತ್ತು ಲಕ್ಷ ಇದ್ದವನೂ ತಿಂಗಳಿಗೆ ಐವತ್ತು ಸಾವಿರ ಕಳೆಯುತ್ತಿದ್ದರೆ ಮ್ಯಾನೇಜರ್ ಕರೆದು ಕೇಳುತ್ತಾನಲ್ಲ, ಹಾಗೆ.

ಸಾದಾ ಮಂಗ ದಕ್ಷಿಣ ಭಾರತ ಬಿಟ್ಟು ಬೇರೆಲ್ಲೂ ಇಲ್ಲ. ರಸ್ತೆ ಅಗಲ ಮಾಡುವಾಗ ಸಾಲು ಸಾಲು ಆಲ, ಗೋಳಿ, ಮಾವು ಹೋದವು, ಅವೇ ಅದರ ಮನೆಗಳು. ಉತ್ತರದಿಂದ ಕೆಂಪು ಮೋರೆಯ ರೀಸಸ್ ಮಂಗ ಇಳಿದು ಬರುತ್ತಿದೆ, ಅದು ಬಂದಲ್ಲಿ ಇದು ಹಿಂದೆ ಸರಿಯುತ್ತಿದೆ. ಮರ ಹೋದ ಕಡೆಯ ಗುಂಪು ಎಲ್ಲಿಗೆ ಹೋಗಬೇಕು? ನಿಮ್ಮ ತೋಟಕ್ಕೇ. ಅಲ್ಲಿ ಇನ್ನೂರು ಕಾಣುವುದಕ್ಕೂ ಪಟ್ಟಿಯಲ್ಲಿ ಹೆಸರು ಬರುವುದಕ್ಕೂ ಕಾರಣ ಒಂದೇ ಅಂತ ನನಗೆ ಅನಿಸುತ್ತದೆ.

ಕೊಕ್ಕೋ ತೋಟ · ಜೂನ್ 10, ರಾತ್ರಿ 9:55

ಅನಿಸಲಿ. ಹಂಚಿನ ದುಡ್ಡು ಯಾರು ಕೊಡುತ್ತಾರೆ ಅಂತ ಮಾತ್ರ ಹೇಳಿ.

ಉಪ್ಪಗೆ · ಜೂನ್ 11, ಬೆಳಗ್ಗೆ 7:30

ನಾನು ಸಿದ್ದಾಪುರದ ಕಡೆಯವಳು, ಕೆಲಸಕ್ಕೆ ಮಂಗಳೂರಿನಲ್ಲಿದ್ದೇನೆ. ನಮ್ಮ ಕಡೆ ಸಿಂಗಳೀಕ ಅಂದರೆ ಉಪ್ಪಗೆ ಮರ ನೆನಪಾಗುತ್ತದೆ. ಮಳೆಗಾಲದಲ್ಲಿ ಉಪ್ಪಗೆ ಹಣ್ಣು ಆರಿಸಿ, ಸಿಪ್ಪೆಯನ್ನು ಒಲೆಯ ಮೇಲೆ ಒಣಗಿಸಿ ಮಾರುವುದು ಎಷ್ಟೋ ಮನೆಗಳ ವರ್ಷದ ಖರ್ಚಿಗೆ ಆಧಾರ. ಸಿಂಗಳೀಕಕ್ಕೂ ಅದೇ ಹಣ್ಣು ಬೇಕು. ರೇಟು ಏರಿದ ವರ್ಷ ಹಣ್ಣಾಗುವ ತನಕ ಯಾರೂ ಕಾಯುವುದಿಲ್ಲ, ಕಾಯಿ ಇರುವಾಗಲೇ ಕೊಂಬೆ ಕಡಿದು ಇಳಿಸುತ್ತಾರೆ. ಆಮೇಲೆ ಮಂಗಕ್ಕೂ ಇಲ್ಲ, ಮುಂದಿನ ವರ್ಷಕ್ಕೂ ಇಲ್ಲ. ನಮ್ಮ ದೊಡ್ಡಪ್ಪನೂ ಒಂದು ಸಲ ಹಾಗೆ ಕಡಿದವರೇ, ಮುಚ್ಚಿಡುವುದೆಂತ.

ಶಿರಸಿ, ಹೊನ್ನಾವರದ ಕಾಡುಗಳೇ ಈಗ ಸಿಂಗಳೀಕದ ಉತ್ತರದ ಗಡಿ. 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶ ಮಾಡಿದರು. 2019ರಲ್ಲಿ ಅದನ್ನೂ ಶರಾವತಿ ಅಭಯಾರಣ್ಯವನ್ನೂ ಸೇರಿಸಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಅಂತ ಹೆಸರಿಟ್ಟರು, ಸುಮಾರು 930 ಚದರ ಕಿಲೋಮೀಟರ್. ಅದೇ ಕಣಿವೆಗೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆ ಪಂಪ್ ಮಾಡಿ, ಮತ್ತೆ ಇಳಿಸಿ ಕರೆಂಟು ತೆಗೆಯುವ) ವಿದ್ಯುತ್ ಯೋಜನೆಯೂ ಬಂದು ಕುಳಿತಿದೆ. ಮಂಗದ ಹೆಸರನ್ನು ಬೋರ್ಡಿಗೆ ಹಾಕಿ, ಕಾಡಿನೊಳಗೆ ಸುರಂಗದ ನಕ್ಷೆ ಬರೆಯುವುದು ನಮ್ಮಲ್ಲಿ ಮಾತ್ರ ಸಾಧ್ಯ.

ಬೈನಾಕ್ಯುಲರ್ · ಜೂನ್ 11, ಬೆಳಗ್ಗೆ 8:40

ಅಕ್ಕ, ನಮ್ಮ ಕಡೆಯ ಕಥೆಯೂ ಅದೇ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಆದದ್ದು 1987ರಲ್ಲಿ. ಅದರ ಹಿಂದೆ 1983-84ರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಮಾಡಿದ ಸಿಂಗಳೀಕ ಸಮೀಕ್ಷೆ ಇತ್ತು. ಇಲ್ಲಿ ಕಾಡು ಉಳಿಸುವ ಕೆಲಸವನ್ನು ಹುಲಿಗಿಂತ ಮೊದಲು ಮಾಡಿದ್ದು ಮಂಗ. ಅಲ್ಲಿನ ಕಬ್ಬಿಣದ ಅದಿರಿನ ಗಣಿ ನಿಂತದ್ದು 2005ರ ಕೊನೆಗೆ, ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಸೋಮೇಶ್ವರ, ಮೂಕಾಂಬಿಕಾ ಅಭಯಾರಣ್ಯಗಳಲ್ಲೂ ಸಿಂಗಳೀಕ ಇವೆ. ಪಂಪ್‌ಶೆಡ್‌ನವರ ಮರಕ್ಕೆ ಬಂದದ್ದು ಅಲ್ಲಿನದ್ದೇ ಇರಬೇಕು.

ಪಂಪ್‌ಶೆಡ್ · ಜೂನ್ 11, ರಾತ್ರಿ 9:15

ಓದಿ ಹೇಳಿದೆ, ಭಾವ ಒಪ್ಪುತ್ತಿಲ್ಲ. ಅವನ ವಾದ: "ಎರಡೂ ಒಂದೇ ತೋಡಿನ ಬದಿಯಲ್ಲಿವೆ, ಒಂದೇ ಕಾಡು. ಕಾಡಿಗೆ ತೊಂದರೆ ಆದರೆ ಎರಡಕ್ಕೂ ಆಗಬೇಕಲ್ಲ. ಹಕ್ಕಿ ಹೇಗೆ ಪಾಸ್, ಮಂಗ ಹೇಗೆ ಫೇಲ್?" ಪ್ರಶ್ನೆ ಸರಿಯಾಗಿಯೇ ಇದೆ ಅನಿಸಿತು.

ಜೀವಶಾಸ್ತ್ರ ಟೀಚರ್ · ಜೂನ್ 11, ರಾತ್ರಿ 10:05

ನಿಮ್ಮ ಭಾವ ನನ್ನ ತರಗತಿಯಲ್ಲಿ ಇರಬೇಕಿತ್ತು.

ಲೆಕ್ಕ ಹೀಗೆ. ಸಿಳ್ಳಾರ ಒಂದು ಮಳೆಗಾಲಕ್ಕೆ ಎರಡರಿಂದ ನಾಲ್ಕು ಮೊಟ್ಟೆ ಇಡುತ್ತದೆ. ಒಂದು ಗೂಡು ಹಾಳಾದರೆ ಮುಂದಿನ ಮಳೆಗಾಲ ಉಂಟು. ಸಿಂಗಳೀಕದ ಹೆಣ್ಣು ಮೊದಲ ಮರಿ ಹಾಕುವಾಗ ಆರು ವರ್ಷದ ಆಸುಪಾಸು. ಆಮೇಲೂ ಎರಡೂವರೆ, ಮೂರು ವರ್ಷಕ್ಕೆ ಒಂದೇ ಮರಿ. ನೀವು ಕಂಡ ಆ ಗಡ್ಡವಿಲ್ಲದ ಮರಿ ಹೋದರೆ ತಾಯಿಯ ಎಷ್ಟು ಕಾಲ ನಷ್ಟ ಅಂತ ನೀವೇ ನೋಡಿ. ಹನ್ನೆರಡು ಅಂದರೂ ಅದು ಒಂದು ಸಂಸಾರ, ಸಾಮಾನ್ಯವಾಗಿ ಒಂದೇ ದೊಡ್ಡ ಗಂಡು.

ಎರಡನೆಯದು ಜಾಗ. ಸಿಳ್ಳಾರ ಪಶ್ಚಿಮ ಘಟ್ಟದಲ್ಲಿ ಮಾತ್ರ ಅಂತ ಕೆಲವರು ಬರೆಯುತ್ತಾರೆ, ಅದು ತಪ್ಪು. ಪೂರ್ವ ಘಟ್ಟದ ಕೆಲವು ಕಡೆ, ಮಧ್ಯ ಭಾರತದ ಸಾತ್ಪುರದಲ್ಲೂ ಇದೆ. ಕಾಫಿ ತೋಟ, ಅಡಿಕೆ ತೋಟ, ನೆರಳು ಮತ್ತು ಹರಿಯುವ ನೀರು ಇದ್ದರೆ ಸಂಸಾರ ಹೂಡುತ್ತದೆ. ನಡುವೆ ರಸ್ತೆ ಬಂದರೆ ಹಾರಿ ದಾಟುತ್ತದೆ. ಸಿಂಗಳೀಕ ಮರದಿಂದ ಮರಕ್ಕೆ ಹೋಗುವ ಪ್ರಾಣಿ, ನೆಲಕ್ಕೆ ಇಳಿಯುವುದು ಕಡಿಮೆ. ಕಾಡು ತುಂಡು ತುಂಡಾದರೆ ಅದು ಒಂದು ತುಂಡಿನಲ್ಲಿ ಬಂದಿ. ಪಕ್ಕದ ಗುಂಪಿಗೆ ಹೋಗಿ ಸೇರಲು ಗಂಡಿಗೆ ದಾರಿ ಇಲ್ಲ.

ಘಾಟಿ ಬಸ್ಸು · ಜೂನ್ 12, ಬೆಳಗ್ಗೆ 6:20

ನಾನು ವಾರಕ್ಕೆ ಎರಡು ಸಲ ಆಗುಂಬೆ ಘಾಟಿ ಹತ್ತುವವನು. ಮರದಿಂದ ಇಳಿಯುವುದು ಕಡಿಮೆ ಅಂದಿರಿ ಟೀಚರ್, ಈಗ ಇಳಿಯುವುದನ್ನು ಕಲಿಸಿದ್ದೇವೆ. ತಿರುವಿನಲ್ಲಿ ಕಾರು ನಿಲ್ಲಿಸಿ ಚಿಪ್ಸ್ ಎಸೆಯುತ್ತಾರೆ. ಸಾದಾ ಮಂಗಗಳ ಜೊತೆ ಒಂದು ಸಿಂಗಳೀಕವೂ ರಸ್ತೆ ಬದಿಯ ಕಟ್ಟೆಯಲ್ಲಿ ಕುಳಿತು ಕಾಯುವುದನ್ನು ಕಳೆದ ವರ್ಷ ಕಂಡೆ. ಬಿಸ್ಕತ್ತು ಕೈಯಲ್ಲಿ ಹಿಡಿದು ವಾಸನೆ ನೋಡುತ್ತಿತ್ತು. ಹಿಂದಿನಿಂದ ಬಂದ ಟೆಂಪೋ ಅದರ ಬಾಲದಿಂದ ಒಂದು ಮೊಳ ದೂರದಲ್ಲಿ ಹೋಯಿತು. ಕೊಟ್ಟವರು ವಿಡಿಯೋ ಮಾಡುತ್ತಿದ್ದರು.

ಮುಂಗಾರು · ಜೂನ್ 12, ಬೆಳಗ್ಗೆ 9:00

ಒಂದು ಮಾತು ಸೇರಿಸುತ್ತೇನೆ. ಕಾಡಿನ ಅಂಚಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹೂಳಲೂ ಹೋಗಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದದ್ದು. ಹರಡುವುದು ಉಣ್ಣಿಯಿಂದ. ಸಾದಾ ಮಂಗ ಮತ್ತು ಮುಸುವ ನಮಗಿಂತ ಮೊದಲು ಸಾಯುತ್ತವೆ, ಹೆಸರು ಕೆಡುವುದು ಮಾತ್ರ ಅವುಗಳದ್ದೇ.

ಕೊಕ್ಕೋ ತೋಟ · ಜೂನ್ 12, ರಾತ್ರಿ 8:30

ಎಲ್ಲ ಓದಿದೆ. ಸಿಂಗಳೀಕಕ್ಕೆ ನನ್ನ ತಕರಾರಿಲ್ಲ, ಅದು ನನ್ನ ತೋಟಕ್ಕೆ ಬಂದಿಲ್ಲ. ಸಾದಾ ಮಂಗದ ಜೊತೆ ರಾಜಿ ಇನ್ನೂ ಆಗಿಲ್ಲ. ತೋಟದ ಬದಿಯ ಹಳೇ ಗೋಳಿ ಮರ ಕಡಿಸಬೇಕು ಅಂತ ಇದ್ದೆ, ಅದನ್ನು ಸದ್ಯ ಬಿಟ್ಟಿದ್ದೇನೆ. ಹಣ್ಣು ಬಿಟ್ಟಾಗ ವಾರವಿಡೀ ಅಲ್ಲೇ ಇರುತ್ತವೆ, ಅಷ್ಟು ದಿನ ಕೊಕ್ಕೋ ಉಳಿಯುತ್ತದೆ. ಲೆಕ್ಕಾಚಾರ ಅಷ್ಟೇ, ಪುಣ್ಯಕ್ಕೆ ಅಲ್ಲ.

ಪಂಪ್‌ಶೆಡ್ · ಜುಲೈ 3, ರಾತ್ರಿ 8:50

ಕೆಲವರು ಇನ್‌ಬಾಕ್ಸಿನಲ್ಲಿ ಏನಾಯಿತು ಅಂತ ಕೇಳಿದಿರಿ. ಗೂಡು ಖಾಲಿ. ಎರಡು ಮರಿ ಇದ್ದವು, ಕಳೆದ ಭಾನುವಾರ ಹಾರಿದವು ಅಂತ ಅತ್ತೆ ಹೇಳಿದರು. ಮಳೆಗಾಲ ಆದ್ದರಿಂದ ಪಂಪ್ ಹಾಕುವ ಕೆಲಸ ಇರಲಿಲ್ಲ, ಹಕ್ಕಿಗೆ ಉಪದ್ರವ ಆಗಲಿಲ್ಲ. ಸ್ಟಾರ್ಟರ್ ಪೆಟ್ಟಿಗೆಯನ್ನು ನಾನೇ ಒರೆಸಿದೆ, ಏಡಿಯ ಚಿಪ್ಪು ಮತ್ತು ಹಿಕ್ಕೆ ಅರ್ಧ ಬಕೆಟ್ ನೀರಿಗೂ ಹೋಗಲಿಲ್ಲ.

ಹಲಸಿನ ಮರದ ಒಂದು ಕೊಂಬೆ ತೋಡಿನ ಮೇಲಿಂದ ಚಾಚಿ ಆಚೆಯ ಕಾಡಿನ ಮರಕ್ಕೆ ತಾಗಿಕೊಂಡಿದೆ. ಶೆಡ್ಡಿನ ಶೀಟಿನ ಮೇಲೆ ಎಲೆ ಬೀಳುತ್ತದೆ ಅಂತ ಭಾವ ಅದನ್ನು ಈ ಸಲ ಕಡಿಯುವವನಿದ್ದ. ಸಿಂಗಳೀಕಗಳು ಬಂದದ್ದೂ ಹೋದದ್ದೂ ಆ ಕೊಂಬೆಯ ಮೇಲೆಯೇ. ಎಲೆ ಗುಡಿಸುವ ಕೆಲಸ ಯಾರದ್ದು ಅಂತ ಸ್ವಲ್ಪ ಚರ್ಚೆ ಆಯ್ತು. ಕೊಂಬೆ ಹಾಗೇ ಇದೆ.

ಗೋಳಿಬಜೆ ಭಾವನೇ ಕೊಡಿಸಿದ, ಒಂದೇ ಪ್ಲೇಟ್. "ಹಕ್ಕಿ ಅಪರೂಪ ಅಲ್ಲ ಅಂತಾದರೆ ಇನ್ನೊಂದು ತೋರಿಸು, ಆಮೇಲೆ ಎರಡನೇ ಪ್ಲೇಟ್" ಅನ್ನುತ್ತಾನೆ. ನಾಳೆ ಬೆಳಗ್ಗೆ ನಾಲ್ಕೂಮುಕ್ಕಾಲಿಗೆ ಅಲಾರಾಂ ಇಟ್ಟಿದ್ದೇನೆ.